ಸಾವಿನ ಮನೆಯಲ್ಲಿ ಮಹಾಪ್ರಾಣ

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿ. ಮದುವೆ ಹಂಗಾಮಿನಲ್ಲಿ ಲಗ್ನಪತ್ರಿಕೆ, ಶ್ರಾವಣದಲ್ಲಿ ಪುರಾಣ-ಪ್ರವಚನದ ಬ್ಯಾನರ್, ಚುನಾವಣೆ ಬಂತೆಂದರೆ ಕೈಮುಗಿದು ನಿಂತವರ ಫೋಟೊ. ಇವೆಲ್ಲ ಬಂದು ಹೋಗುವ ಕೆಲಸ. ಹನ್ನೆರಡು ತಿಂಗಳೂ ನಿಲ್ಲದ್ದು ಶ್ರದ್ಧಾಂಜಲಿಯದು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದಲೂ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಒಂದು ಫೋಟೊ ಬೀಳುತ್ತದೆ. ಅದರ ಹಿಂದೆ ನಾಲ್ಕು ಸಾಲು ಮಜಕೂರು. ಅದರ ಹಿಂದೆ, ‘ಮುಂಜಾನಿ ಏಳಕ್ಕ ಬೇಕ್ರಿ ಅಣ್ಣಾ.’

ಆ ನಾಲ್ಕು ಸಾಲು ತಪ್ಪಿಲ್ಲದೆ ಬಂದದ್ದು ಅಪರೂಪ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಪದ ‘ದುಃಖ’. ಒಬ್ಬರು ಎರಡು ಸೊನ್ನೆಗಳನ್ನು ಕೊನೆಗೆ ತಳ್ಳಿ ‘ದುಖಃ’ ಮಾಡುತ್ತಾರೆ. ಇನ್ನೊಬ್ಬರಿಗೆ ಮೊಬೈಲಿನಲ್ಲಿ ವಿಸರ್ಗ ಎಲ್ಲಿದೆ ಗೊತ್ತಿಲ್ಲ, ಲೆಕ್ಕದ ಅನುಪಾತಕ್ಕೆ ಇಡುವ ಎರಡು ಚುಕ್ಕಿ ಇಟ್ಟು ‘ದು:ಖ’ ಎನ್ನುತ್ತಾರೆ. ‘ದುಕ್ಕ’ ಎಂದು ಬರೆದವರನ್ನು ನಾನು ತಿದ್ದಲು ಹೋಗುವುದಿಲ್ಲ, ಅದು ತದ್ಭವ, ಅದಕ್ಕೂ ವಯಸ್ಸಾಗಿದೆ. ‘ಭಾವಪೂರ್ಣ ಶ್ರದ್ಧಾಂಜಲಿ’ ಅರ್ಧಕ್ಕರ್ಧ ಸಲ ‘ಬಾವಪೂರ್ಣ ಶ್ರದ್ದಾಂಜಲಿ’ ಆಗಿಯೇ ಬರುತ್ತದೆ. ಬಾವು ಅಂದರೆ ನಮ್ಮಲ್ಲಿ ಗಾಯಕ್ಕೆ ಬರುವ ಊತ. ಸತ್ತವರ ಮನೆಯವರ ಸ್ಥಿತಿ ನೋಡಿದರೆ ಅದೂ ಪೂರ್ತಿ ಸುಳ್ಳಲ್ಲ.

ಇಷ್ಟೆಲ್ಲ ತಪ್ಪು ಗುರುತಿಸಲು ನನಗೆ ಯಾವ ಕಾಲೇಜೂ ಕಲಿಸಿಲ್ಲ. 1984ರಲ್ಲಿ ಗಣಿತದಲ್ಲಿ ಫೇಲಾಗಿ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಸೇರಿದವನು ನಾನು. ಸೀಸದ ಅಕ್ಷರಗಳು ತಿರುವುಮುರುವಾಗಿರುತ್ತವೆ, ಕನ್ನಡಿಯೊಳಗಿನ ಕನ್ನಡ ಓದಿದ ಹಾಗೆ ಓದಬೇಕು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು. ಮೊಳೆ ಸವೆದರೆ ಮೊದಲು ಹೋಗುತ್ತಿದ್ದದ್ದೂ ಅದೇ ಸೀಳು. ಮಾಲೀಕರು ಪ್ರೂಫ್ ಹಾಳೆಯನ್ನು ಬೆಳಕಿಗೆ ಹಿಡಿದು, ‘ಇದರ ಹೊಟ್ಟಿ ಯಾರು ಹೊಲದ್ರೋ?’ ಎಂದು ಬೈಯುತ್ತಿದ್ದರು. ಬೈಗುಳ ತಿಂದು ಕಲಿತದ್ದು ಆಸ್ತಿಯಾಗುತ್ತದೆ. ಫೇಲಾದವನಿಗೆ ಬೇರೆ ಏನಿತ್ತು? ಕಾಗುಣಿತವೇ ನನ್ನ ಎರಡು ಎಕರೆ ನೀರಾವರಿ.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ.

2021ರ ಮೇ ತಿಂಗಳು. ಕೊರೊನಾದ ಎರಡನೆಯ ಅಲೆ. ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ನಿಂತಿತ್ತು. ಆ ಊರನ್ನು ಬಲ್ಲವರಿಗೆ ಗೊತ್ತು, ಅಲ್ಲಿ ಸಪ್ಪಳ ನಿಂತರೆ ಮಲಗಿದವರಿಗೆ ಎಚ್ಚರವಾಗುತ್ತದೆ. ಅಲ್ಲಿಯ ನೇಕಾರರೊಬ್ಬರು ನನ್ನ ಹಳೆಯ ಗಿರಾಕಿ, ಆಮೇಲೆ ಗೆಳೆಯ. ಅವರ ಸೀರೆಯ ಲೇಬಲ್ಲುಗಳನ್ನು ಟ್ರೆಡಲ್ ಮಷಿನ್ನಿನಲ್ಲಿ ಹೊಡೆದುಕೊಟ್ಟವನು ನಾನೇ. ಒಂದು ಮುಂಜಾನೆ ಅವರ ಮಗಳು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಳು: ‘ನಮ್ಮ ಅಪ್ಪಾಜಿ ನಸಕಿನ್ಯಾಗ ನಿದನ ರಾದರು. ಮಣ್ಣಿಗೆ ಯಾರು ಬರಬ್ಯಾಡ್ರಿ ಐದ ಮಂದಿಗೆ ಪರವಾನಿಗಿ ಐತಿ. ಎಲ್ಲಾರು ಅಲ್ಲಿಂದನ ಕೈ ಮುಗೀರಿ.’

ನಮ್ಮ ಕಡೆ ಅಂತ್ಯಕ್ರಿಯೆಗೆ ಹೋಗುವುದನ್ನು ‘ಮಣ್ಣಿಗೆ ಹೋಗೋದು’ ಅನ್ನುತ್ತೇವೆ. ಲಗ್ನ ತಪ್ಪಿದರೆ ನಡೆಯುತ್ತದೆ, ಮಣ್ಣು ತಪ್ಪಿದರೆ ಮಾತು ಉಳಿಯುತ್ತದೆ. ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದರೆ ಅಲ್ಲಿಗೆ ನಮ್ಮ ಋಣ. ಆ ದಿನ ಅದಕ್ಕೂ ದಾರಿ ಇರಲಿಲ್ಲ. ಮಣ್ಣು ಹಾಕಬಹುದಾಗಿದ್ದ ಜಾಗ ಮೊಬೈಲಿನ ಆ ಚೌಕ ಒಂದೇ. ಅದರೊಳಗೆ ಮೊಟ್ಟಮೊದಲು ಕೈ ಹಾಕಿದವನು ನಾನು. ಅವಳ ಸಂದೇಶವನ್ನು ಒತ್ತಿ ಹಿಡಿದು, ಅದಕ್ಕೇ ಉತ್ತರವಾಗಿ ಬರೆದೆ: ‘ನಿಧನ ಅನ್ನಬೇಕವ್ವ. ಧ ಮಹಾಪ್ರಾಣ.’

ಪ್ರಾಣ ಹೋದವರ ಮನೆಗೆ ಮಹಾಪ್ರಾಣ ಕಳಿಸಿದ್ದೆ.

ಎರಡು ನಿಮಿಷಕ್ಕೆ, ‘ತಪ್ಪಾತ್ರಿ ಕಾಕಾ’ ಎಂದು ಬಂತು. ನೋಡನೋಡುತ್ತ ಅವಳ ಮೊದಲ ಸಂದೇಶ ಹೋಗಿ ಅದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಕೂತಿತು. ಬರೆದದ್ದನ್ನು ಅಲ್ಲೇ ತಿದ್ದುವ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಬಂದದ್ದು 2023ರಲ್ಲಿ. ಆಗ ತಪ್ಪು ತಿದ್ದಬೇಕೆಂದರೆ ಅಳಿಸಿ ಮತ್ತೆ ಬರೆಯಬೇಕಿತ್ತು. ಅವಳು ಮತ್ತೆ ಬರೆದಳು. ಅಪ್ಪ ಸತ್ತ ಸುದ್ದಿಯನ್ನು ಒಂದೇ ಮುಂಜಾನೆ ಎರಡು ಸಲ, ಎರಡನೆಯ ಸಲ ‘ಧ’ ಸರಿಮಾಡಿ. ಯಾರೋ ನನ್ನ ಉತ್ತರದ ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ‘ಓಂ ಶಾಂತಿ’ಗಳು ಶುರುವಾದದ್ದು ಆಮೇಲೆ.

ಸಂಜೆ ನನ್ನ ಹೆಂಡತಿ ಗುಂಪು ತೆರೆದು ನೋಡಿದಳು. ಅವಳು ಏರುದನಿಯಲ್ಲಿ ಮಾತಾಡುವವಳಲ್ಲ. ‘ಅಪ್ಪನ್ನ ಕಳಕೊಂಡ ಹುಡುಗಿ ನಿಮ್ಮ ಧ ತಿದ್ದಕೋಂತ ಕುಂತಾಳ ನೋಡ್ರಿ’ ಎಂದು ಮೊಬೈಲನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಯಾಕೆ ಹಾಗೆ ಮಾಡಿದೆ ಎಂದು ಬಹಳ ದಿನ ಯೋಚಿಸಿದ್ದೇನೆ. ಕೊಬ್ಬು ಎಂದು ಬಿಟ್ಟರೆ ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಗೆಳೆಯ ಹೋದ ಸುದ್ದಿ ಓದಿ ಎದೆ ಧಸಕ್ಕೆಂದಿತ್ತು. ಏನು ಬರೆಯಬೇಕೋ ತೋಚಲಿಲ್ಲ. ಆ ಕ್ಷಣಕ್ಕೆ ಗೊತ್ತಿದ್ದ ಒಂದೇ ಸಂಗತಿ ಅಲ್ಲಿ ಕಣ್ಣಿಗೆ ಬಿತ್ತು, ಅದನ್ನೇ ಬರೆದೆ. ಸಾವಿನ ಮನೆಗೆ ಹೋದವರು ಸುಮ್ಮನೆ ಕೂರಲಾಗದೆ ಚಾಪೆ ಸರಿಮಾಡುವುದು, ಬಾಗಿಲ ಚಪ್ಪಲಿ ಸಾಲಾಗಿ ಜೋಡಿಸುವುದು ಮಾಡುತ್ತಾರಲ್ಲ, ಹಾಗೆ. ಚಪ್ಪಲಿಗಾದರೆ ನೋವಾಗುವುದಿಲ್ಲ.

ಹಿಂದೆ ಸಾವಿನ ಸುದ್ದಿಯನ್ನು ಬರೆಯುತ್ತಿದ್ದವರು ಯಾರು? ಹತ್ತಿರದ ಊರಿಗೆ ಆಳು ಹೋಗುತ್ತಿದ್ದ, ಹೊರಗೇ ನಿಂತು ಸುದ್ದಿ ಹೇಳಿ ತಿರುಗುತ್ತಿದ್ದ. ದೂರದ ಊರಿಗೆ ಅಂಚೆ ಕಾರ್ಡು. ಮೂಲೆ ಹರಿದ ಕಾರ್ಡು ಬಂತೆಂದರೆ ಓದುವ ಮೊದಲೇ ತಿಳಿಯುತ್ತಿತ್ತು. ಅದನ್ನು ಹೊಸ್ತಿಲ ಹೊರಗೇ ಓದಿ, ಹರಿದು ಚೆಲ್ಲಿ, ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು. ಆ ಕಾರ್ಡಿನ ಕನ್ನಡ ಚೊಕ್ಕವಾಗಿರುತ್ತಿತ್ತು, ಏಕೆಂದರೆ ಅದನ್ನು ಬರೆದವರು ಸಾಲಿ ಮಾಸ್ತರರು ಇಲ್ಲವೇ ಕುಲಕರ್ಣಿಯವರು. ಅಕ್ಷರ ಅವರದು, ಅಳು ಇವರದು. ಸತ್ತವನ ಮಗಳು ಆ ಕಾರ್ಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಬನಹಟ್ಟಿಯ ಆ ಹುಡುಗಿಯ ಅಜ್ಜಿಯದು ಹೆಬ್ಬೆಟ್ಟು, ತಾಯಿ ಸಹಿ ಮಾಡಲು ಮಾತ್ರ ಕಲಿತವರು. ಆ ಮನೆಯಲ್ಲಿ ಸಾವಿನ ಸುದ್ದಿಯನ್ನು ತನ್ನ ಕೈಯಿಂದ ಬರೆದ ಮೊದಲ ಹೆಣ್ಣು ಅವಳು. ಆ ಮೊದಲ ಬರಹಕ್ಕೆ ಸಿಕ್ಕ ಮೊದಲ ಓದುಗ ನಾನು.

ತಪ್ಪು ಹೇಗೆ ಆಗುತ್ತದೆ ಎಂಬುದನ್ನೂ ಹೇಳಬೇಕು, ಅದು ನನ್ನ ಕಸುಬು. ಬಹಳ ಮಂದಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತಾರೆ. ‘ಎಚ್’ ಒಂದು ಬಿಟ್ಟರೆ ‘ಧ’ ‘ದ’ ಆಗುತ್ತದೆ. ಕೆಲವರು ಬಾಯಲ್ಲಿ ಹೇಳುತ್ತಾರೆ, ಮೊಬೈಲ್ ತನಗೆ ಕೇಳಿದ್ದನ್ನು ಬರೆದುಕೊಳ್ಳುತ್ತದೆ. ಅಳುವ ದನಿಯನ್ನು ಅದು ಏನೆಂದು ಕೇಳೀತು? ನನ್ನ ಅಂಗಡಿಯಲ್ಲಿ ಬೇರೆಯೇ ತಾಪತ್ರಯ. ಯೂನಿಕೋಡಿನಲ್ಲಿ ಬಂದ ಮಜಕೂರನ್ನು ಕೋರಲ್‌ಡ್ರಾದಲ್ಲಿ ಕೂರಿಸಲು ‘ನುಡಿ’ ಫಾಂಟಿಗೆ ಪರಿವರ್ತಿಸಬೇಕು. ಆಗ ಅರ್ಕಾವತ್ತು ಪಕ್ಕದ ಮನೆಗೆ ಹೋಗುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಸರಿಯಾಗಿ ಬರೆದವರ ಹೆಸರಿನ ಮೇಲೂ ಹೀಗೆ ತಪ್ಪು ಬಂದು ಕೂತಿದೆ. ಊರವರು ಬೈದದ್ದು ಬರೆದುಕೊಟ್ಟವರನ್ನು, ಕಂಪ್ಯೂಟರನ್ನಲ್ಲ, ನನ್ನನ್ನೂ ಅಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ನಾಲಿಗೆ. ನಮ್ಮಲ್ಲಿ ‘ನಿಧನ’ವನ್ನು ಉಸಿರು ಕೊಟ್ಟು ‘ಧ’ ಎನ್ನುವವರು ಎಷ್ಟು ಮಂದಿ? ಭಾಷಣ ಮಾಡುವಾಗ ನಾನು ಅನ್ನುತ್ತೇನೆ, ಮನೆಯಲ್ಲಿ ಅನ್ನುವುದಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದನ್ನೇ ಹಿಡಿದು, ಕನ್ನಡಿಗರ ಮಾತಿನಲ್ಲಿಲ್ಲದ ಮಹಾಪ್ರಾಣ ಬರಹದಲ್ಲಿ ಯಾಕೆ ಎಂದು ಕೇಳಿದರು. ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕವನ್ನೇ ಬರೆದು, ಕೊನೆಗೆ ತಮ್ಮ ಹೆಸರನ್ನೂ ‘ಶಂಕರ ಬಟ್’ ಎಂದು ಅಚ್ಚು ಹಾಕಿಸಿದರು. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ, ಆ ಮಾತನ್ನು ಒಪ್ಪುವುದಿಲ್ಲ. ‘ಧ’ದ ಹೊಟ್ಟೆಯ ಆ ಸೀಳಿಗಾಗಿ ಬೈಗುಳ ತಿಂದವನು ನಾನು, ಈಗ ಅದನ್ನು ತೆಗೆಯಿರಿ ಎಂದರೆ ಹೇಗೆ? ಆದರೆ ಒಂದು ಮಾತು ಅವರಿಂದ ಕಲಿತೆ. ‘ನಿದನ’ ಎಂದು ಬರೆದವಳು ಅಕ್ಷರಗೇಡಿಯಲ್ಲ, ತನ್ನ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದವಳು. ‘ಘಂಟೆ’ಯನ್ನು ‘ಗಂಟೆ’ ಮಾಡಿದ್ದೂ, ‘ಕಥೆ’ಯನ್ನು ‘ಕತೆ’ ಮಾಡಿದ್ದೂ, ‘ವೀಥಿ’ಯನ್ನು ‘ಬೀದಿ’ ಮಾಡಿದ್ದೂ ಇಂಥದೇ ನಾಲಿಗೆಗಳು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಮಾತುಗಳು ಕನ್ನಡದ ಬಾಯಲ್ಲಿ ಹೀಗೆ ಬದಲಾಗುವ ಬಗೆಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ, ಅಪಭ್ರಂಶ ಪ್ರಕರಣ ಎಂದು.

ಅಕ್ಷರದ ತಪ್ಪಾದರೂ ತಪ್ಪು. ಆಡುಮಾತನ್ನೇ ತಪ್ಪೆಂದು ತಿದ್ದುವವರಿಗೆ ಏನನ್ನಬೇಕು? 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಜಮಖಂಡಿ, ಮುಧೋಳ ತಾಲ್ಲೂಕಿನ ಹೊಳೆಸಾಲಿನ ಊರುಗಳು ನೀರಿನಲ್ಲಿ ನಿಂತವು. ಅಂಥದೊಂದು ಊರಿನ ಹುಡುಗ ಮಾಳಿಗೆಯ ಮೇಲಿಂದ ಬರೆದ: ‘ನೀರ ಮನಿಯೊಳಗ ಬಂದಾವ, ಬೋಟ ಕಳಸ್ರಿ.’ ಬೆಂಗಳೂರಿನಲ್ಲಿ ನೆಲೆಸಿದ ಅದೇ ಊರಿನ ಒಬ್ಬರು, ‘ನೀರು ಏಕವಚನ, ಬಂದಿದೆ ಅನ್ನಬೇಕು’ ಎಂದರು. ನಮ್ಮಲ್ಲಿ ನೀರು ಯಾವತ್ತೂ ‘ಬಂದಾವ’, ‘ಅದಾವ’. ಆ ವರ್ಷ ಬಂದದ್ದಂತೂ ಬಹುವಚನದಲ್ಲೇ. ಬೋಟು ಬಂತು ಎಂಬುದು ಬೇರೆ ಮಾತು, ಅದು ವ್ಯಾಕರಣ ನೋಡಿ ಬರಲಿಲ್ಲ.

ಅಕ್ಷರ ಸರಿಯಿರಲೇಬೇಕಾದ ಜಾಗಗಳಿವೆ. ಸಿಟ್ಟು ಬರುವುದೇ ಇಲ್ಲಿ, ಅಲ್ಲಿ ತಿದ್ದಲು ಯಾರೂ ಇರುವುದಿಲ್ಲ. ಬೀಳಗಿ ತಾಲ್ಲೂಕಿನ ಮುಳುಗಡೆ ಊರಿನ ಮುದುಕರೊಬ್ಬರು ಒಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಅಂಗಡಿಗೆ ಬಂದರು. ತೀರಿಕೊಂಡ ಹೆಂಡತಿ ಆಧಾರ್‌ನಲ್ಲಿ ‘ಸಿದ್ದವ್ವ’, ಉತಾರಿಯಲ್ಲಿ ‘ಸಿದ್ಧವ್ವ’, ಇನ್ನೊಂದು ಪಟ್ಟಿಯಲ್ಲಿ ‘ಸಿದ್ದಮ್ಮ’. ‘ಮೂರೂ ಒಬ್ಬಾಕಿನ ಅಂತ ಬರದ ಕೊಡ್ರಿ, ನನಗ ಒಬ್ಬಾಕಿನ ಇದ್ಲು’ ಎಂದರು. ನಾನು ಟೈಪು ಮಾಡಿಕೊಟ್ಟೆ. ಅದರ ಮೇಲೆ ಅಫಿಡವಿಟ್ಟು, ಅದಕ್ಕೆ ಓಡಾಟ, ಪ್ರತಿ ಓಡಾಟಕ್ಕೂ ಬಸ್ ಚಾರ್ಜು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಎಂದು 1969ರ ಕಾಯ್ದೆಯಡಿಯ ನಿಯಮ ಹೇಳುತ್ತದೆ. ದುಃಖದ ಮನೆಯವರಿಗೆ ಅದರ ನೆನಪಾಗುವಷ್ಟರಲ್ಲಿ ದಿನಕರ್ಮವೂ ಮುಗಿದಿರುತ್ತದೆ. ‘ನಿದನ’ ಕಂಡ ಕೂಡಲೇ ಎದ್ದು ಕೂರುವ ಪಂಡಿತರು ಅಂಥ ಮನೆಗೆ ಹೋಗಿ, ‘ಆಧಾರ್ ತಗೊಂಬಾ ತಂಗಿ, ಹೆಸರು ಒಂದೇ ಥರ ಐತೇನು ನೋಡೋಣು’ ಎಂದು ಅರ್ಧ ಗಂಟೆ ಕೂತದ್ದನ್ನು ನಾನು ನೋಡಿಲ್ಲ. ಆ ಮುಂಜಾನೆ ನಾನೂ ಅದನ್ನು ಕೇಳಲಿಲ್ಲ.

ಸಿದ್ಧ, ಸಿದ್ದ ಎಂದಾಗ ಇನ್ನೊಂದು ರಾತ್ರಿ ನೆನಪಾಗುತ್ತದೆ. 2023ರ ಜನವರಿ 2. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹೋದ ದಿನ. ಪದ್ಮಶ್ರೀ ಬಂದಾಗ ಬೇಡವೆಂದವರು, ತಮಗೆ ಸಮಾಧಿ, ಸ್ಮಾರಕ ಏನೂ ಬೇಡ ಎಂದು ಮೊದಲೇ ಬರೆದಿಟ್ಟವರು. ನಮ್ಮ ಸೀಮೆಯಲ್ಲಿ ಅವರ ಪ್ರವಚನ ಕೇಳದ ಊರು ಕಡಿಮೆ. ಆ ರಾತ್ರಿ ನನ್ನ ಮಷಿನ್ ಬೆಳಗಿನವರೆಗೆ ನಿಲ್ಲಲಿಲ್ಲ. ಬಂದ ಮಜಕೂರುಗಳಲ್ಲಿ ಹೆಚ್ಚಿನವು ‘ಸಿದ್ದೇಶ್ವರ’. ನಾನು ಯಾರಿಗೂ ಫೋನ್ ಮಾಡಲಿಲ್ಲ, ಯಾರಿಗೂ ಪಾಠ ಹೇಳಲಿಲ್ಲ. ಬರುತ್ತಿದ್ದ ಹಾಗೆ ‘ದ್ದೇ’ಯನ್ನು ‘ದ್ಧೇ’ ಮಾಡುತ್ತ ಪ್ರಿಂಟ್ ಕೊಡುತ್ತ ಹೋದೆ. ಮುಂಜಾನೆ ಬಂದ ಹುಡುಗರು ಬ್ಯಾನರ್ ಬಿಚ್ಚಿ ನೋಡಿ, ಕಣ್ಣೊರೆಸಿಕೊಂಡು, ಸುತ್ತಿಕೊಂಡು ಹೋದರು. ಒಂದು ಅಕ್ಷರ ಬದಲಾದದ್ದು ಅವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಕೇಳಿದವರಿಗೆ ಹೇಳುವುದು ಇನ್ನೊಂದು ಬಗೆ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣವನ್ನು ನಮ್ಮ ಪ್ರೆಸ್ಸಿನಲ್ಲಿ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದೆವು. ನೂರೇಳು ವರ್ಷ ಬಾಳಿದ ಆ ಹಿರಿಯರು ಓದುಗರು ಕಾಗದ ಬರೆದು ಕೇಳಿದ ಪದಕ್ಕೆ ಉತ್ತರ ಕೊಟ್ಟರು. ಕೇಳದವರ ಮನೆ ಬಾಗಿಲಿಗೆ ನಿಘಂಟು ಹಿಡಿದು ಹೋಗಲಿಲ್ಲ.

ನನ್ನ ಗೆಳೆಯ ಮಾಸ್ತರರೊಬ್ಬರು ಒಪ್ಪುವುದಿಲ್ಲ. ‘ಹಿಂಗ ಎಲ್ಲಾರೂ ಬಿಟ್ರ ಕನ್ನಡ ಉಳೀತದೇನ್ರಿ?’ ಎನ್ನುತ್ತಾರೆ. ರನ್ನನ ನಾಡಿನವರು ನಾವು ಎಂಬುದು ಅವರ ವಾದದ ಕೊನೆಯ ಕೊಡಲಿ. ಸರಿ, ರನ್ನನನ್ನೇ ತೆಗೆದುಕೊಳ್ಳೋಣ. ಮುಧೋಳದ ಬಳೆಗಾರರ ಮನೆಯ ಹುಡುಗ, 993ರಲ್ಲಿ ‘ಅಜಿತಪುರಾಣ’ ಮುಗಿಸಿದವ, ತನ್ನ ಕಾವ್ಯವನ್ನು ಪರೀಕ್ಷಿಸುವವನಿಗೆ ಎಂಟೆದೆ ಇರಬೇಕು ಎಂದು ಸವಾಲು ಹಾಕಿದ ಗಟ್ಟಿಗ. ಆ ಗಟ್ಟಿಗನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳನ್ನು ದಾಟುತ್ತ ಹೋಗುತ್ತಾನೆ. ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಪ್ರಾಣಮಿತ್ರ ಕರ್ಣ. ನಡುವೆ ಹಗೆಯ ಮಗ ಅಭಿಮನ್ಯುವಿನ ಹೆಣ. ಇಡೀ ಯುದ್ಧಕ್ಕೆ ಕಾರಣನಾದ ಆ ಛಲಗಾರ ಅಲ್ಲಿ ನಿಂತು ಆ ಹುಡುಗನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ದುರ್ಯೋಧನನಿಗೆ ಹೊಳೆದ ಸೂಕ್ಷ್ಮ ನನಗೆ ಆ ಮುಂಜಾನೆ ಹೊಳೆಯಲಿಲ್ಲ. ಕನ್ನಡ ಉಳಿಯುವ ಚಿಂತೆ ಇದ್ದವರು ತಮ್ಮೂರ ಸಾಲೆಗೆ ಶನಿವಾರ ಒಂದು ತಾಸು ಹೋಗಿ ಮಕ್ಕಳಿಗೆ ಶುದ್ಧಬರಹ ಹೇಳಿಕೊಡಲಿ. ನಾನು ಮಾಸ್ತರರಿಗೂ ಅದನ್ನೇ ಹೇಳಿದೆ. ಅವರಿಗೆ ಶನಿವಾರ ಪುರುಸೊತ್ತಿಲ್ಲ.

ಒಂದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, ಆ ಹುಡುಗಿ ಅಂಗಡಿಗೆ ಬಂದಳು. ಅಪ್ಪನ ಮೊದಲ ಪುಣ್ಯಸ್ಮರಣೆ, ನಾಲ್ಕು ಬೈ ಆರರ ಬ್ಯಾನರ್ ಬೇಕಿತ್ತು. ಮಜಕೂರನ್ನು ಮೊಬೈಲಿಗೆ ಹಾಕಿರಲಿಲ್ಲ, ಗೆರೆ ಹೊಡೆದ ಹಾಳೆಯಲ್ಲಿ ಕೈಯಿಂದ ಬರೆದು ತಂದಿದ್ದಳು. ‘ಕಾಕಾ, ತಪ್ಪಿದ್ರ ನೀವ ನೋಡ್ರಿ’ ಎಂದು ಕೊಟ್ಟಳು. ನೋಡಿದೆ. ‘ಸಧಾ ನಿಮ್ಮ ನೆನಪಿನಲ್ಲಿ’ ಎಂದಿತ್ತು. ಕೊನೆಯಲ್ಲಿ ‘ಧುಃಖತಪ್ತ ಕುಟುಂಬ’ ಎಂದಿತ್ತು. ‘ದ’ ಇರಬೇಕಾದ ಕಡೆಯಲ್ಲೂ, ಎಲ್ಲಿ ತಪ್ಪೀತೋ ಎಂದು ಸೀಳು ಹಾಕಿ, ಅದರ ಮೇಲೆ ಪೆನ್ನನ್ನು ಎರಡೆರಡು ಸಲ ಒತ್ತಿದ್ದಳು. ಹಾಳೆಯ ಹಿಂಬದಿಯಲ್ಲಿ ಆ ಗುರುತು ಬೆರಳಿಗೆ ತಾಗುತ್ತಿತ್ತು.

ಎರಡನ್ನೂ ತಿದ್ದಿ ಪ್ರಿಂಟ್ ಕೊಟ್ಟೆ. ಏನೂ ಹೇಳಲಿಲ್ಲ.

ಆ ಗುಂಪು ಈಗಲೂ ನನ್ನ ಮೊಬೈಲಿನಲ್ಲಿದೆ. ಎಲ್ಲರ ಕಣ್ಣಿಂದಲೂ ಅಳಿಸಲು ಆಗ ಒಂದು ತಾಸು ಚಿಲ್ಲರೆ ಮಾತ್ರ ಅವಕಾಶವಿತ್ತು. ಹೆಂಡತಿ ಮೊಬೈಲ್ ನನ್ನ ಮುಂದಿಟ್ಟ ಹೊತ್ತಿಗೆ ಅದು ಮೀರಿತ್ತು. ಹುಡುಗಿ ತನ್ನ ಸಂದೇಶವನ್ನು ಅಳಿಸಿದ್ದಾಳೆ. ಆದರೆ ನಾನು ಅದನ್ನು ಒತ್ತಿ ಹಿಡಿದು ಉತ್ತರ ಬರೆದಿದ್ದೆನಲ್ಲ, ನನ್ನ ಉತ್ತರದ ನೆತ್ತಿಯ ಮೇಲೆ ಅವಳ ಮೊದಲ ಸಾಲು ಹಾಗೇ ಅಂಟಿಕೊಂಡಿದೆ. ‘ನಿದನ’ ಎಂಬ ಆ ತಪ್ಪು ಈಗ ಉಳಿದಿರುವುದು ಅಲ್ಲಿ ಮಾತ್ರ, ನಾನು ಬರೆದದ್ದರ ಒಳಗೆ.